ಹುಳುಮನೆಯ ಕೊತ್ತಂಬರಿ

ಯಲ್ಲಮ್ಮನ ಮುತ್ತಜ್ಜಿ ಹೊಂಬಾಳಮ್ಮ ಕಡುಬೇಸಿಗೆಯ ನಡುಹಗಲಲ್ಲಿ ರಾಮನಗರದಿಂದ ಮಾಗಡಿ ಸೀಮೆಯ ತಮ್ಮ ಹಳ್ಳಿಗೆ ರೇಷ್ಮೆಮೊಟ್ಟೆಯ ಹಾಳೆಗಳನ್ನು ಹೊತ್ತು ನಡೆದವಳು. ಮೊಟ್ಟೆಗೆ ಬಿಸಿಲು ತಾಕಿತೆಂದರೆ ಆ ಬೆಳೆಯ ಆಸೆ ಬಿಟ್ಟಂತೆ. ಹೊಂಬಾಳಮ್ಮ ಹಾಳೆಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಒದ್ದೆ ಸೆರಗಿನಲ್ಲಿ ಕಟ್ಟಿ, ದಾರಿಯಲ್ಲಿ ಸಿಕ್ಕ ಒಂದೊಂದು ಬಾವಿಯಲ್ಲೂ ಸೆರಗು ನೆನೆಸಿಕೊಂಡು ಊರು ಮುಟ್ಟಿದಳು. ತಾನು ಎರಡು ದಿನ ಜ್ವರ ಬಂದು ಮಲಗಿದಳು, ಮೊಟ್ಟೆ ಮಾತ್ರ ಒಂದೂ ಬಿಡದೆ ಒಡೆದು ಮರಿಯಾಯಿತು. ಅವಳ ಮಗ ಮಂಚಯ್ಯ ಮಾಗಿಯ ಚಳಿಗೆ ಹುಳು ಮೇವು ಬಿಟ್ಟು ಮುದುರಿಕೊಂಡಾಗ ಹನ್ನೊಂದು ದಿನ ಇದ್ದಿಲ ಮಡಕೆಗಳನ್ನು ಮೂಲೆಯಿಂದ ಮೂಲೆಗೆ ಜರುಗಿಸುತ್ತಾ ಕೂತು ಬೆಳೆ ಉಳಿಸಿದವನು. ಮಂಚಯ್ಯನ ಮಗ ಮುನಿಶಾಮಯ್ಯ, ಯಲ್ಲಮ್ಮನ ಅಪ್ಪ, ಹುಳುವಿನ ತಟ್ಟೆಯ ಮೇಲೆ ಅಂಗೈ ಮಗುಚಿ ಹಿಡಿದು ಕಾವು ಎಷ್ಟೆಂದು ಹೇಳುತ್ತಿದ್ದ. ರೇಷ್ಮೆ ಇಲಾಖೆಯ ಸಾಹೇಬರೊಬ್ಬರು ನಂಬದೆ ತಮ್ಮ ಥರ್ಮಾಮೀಟರ್ ತೆಗೆದು ಪಕ್ಕದಲ್ಲಿಟ್ಟರು. ಮೂರು ತಟ್ಟೆ ನೋಡಿದರು, ಮೂರೂ ಸಲ ಮುನಿಶಾಮಯ್ಯ ಹೇಳಿದ್ದೇ ಸರಿಯಾಯಿತು. ನಿನಗೆ ಇದು ಬೇಕಾಗಿಲ್ಲ, ನಿನ್ನ ಮಕ್ಕಳಿಗೆ ಬೇಕಾಗಬಹುದು ಎಂದು ಸಾಹೇಬರು ಆ ಥರ್ಮಾಮೀಟರನ್ನು ಅಲ್ಲೇ ಬಿಟ್ಟು ಹೋದರು.

ಅದು ತವರಿನ ಮಾತು. ಮದುವೆಯಾಗಿ ಬಂದ ಮನೆಯೂ ಕಡಿಮೆಯದಲ್ಲ. ದೊಡ್ಡಮಳೂರಿನಿಂದ ಒಳಕ್ಕೆ ಎರಡು ಮೈಲಿ ಹೋದರೆ ಹಲಸಿನಕಟ್ಟೆ. ಅಲ್ಲಿ ಯಲ್ಲಮ್ಮನ ಅತ್ತೆ ಪುಟ್ಟಹೊನ್ನಮ್ಮ ಕೆರೆಯ ಮಣ್ಣು ತಲೆಯ ಮೇಲೆ ಹೊತ್ತು ಕಟ್ಟಿಸಿದ ಹುಳುಮನೆ ಇಂದಿಗೂ ಒಂದು ಬಿರುಕು ಬಿಟ್ಟಿಲ್ಲ. ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲ, ಮೊಳ ದಪ್ಪದ ಗೋಡೆ, ಮೇಲೆ ಮಂಗಳೂರು ಹೆಂಚು. ಗೋಡೆಯ ಬುಡದಲ್ಲಿ ಗೇಣುದ್ದದ ಕಿಂಡಿಗಳು, ಸೂರಿನ ಕೆಳಗೆ ಕಿಟಕಿಗಳು. ಆ ಮನೆಯಲ್ಲಿ ಯಲ್ಲಮ್ಮ ನಲವತ್ತು ವರ್ಷ ಹುಳು ಸಾಕಿದಳು. ತವರಿನಿಂದ ತಂದ ಥರ್ಮಾಮೀಟರ್ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಅಪ್ಪನ ಕೈ ಅವಳಿಗೂ ಬಂದಿತ್ತು. ಥರ್ಮಾಮೀಟರ್ ಇದ್ದದ್ದು ಬಂದವರಿಗೆ ತೋರಿಸುವುದಕ್ಕೆ.

ಆಮೇಲೆ ರಸ್ತೆ ಬಂತು. ಬೆಂಗಳೂರು–ಮೈಸೂರು ದಾರಿ ಅಗಲವಾಗಿ ಹೊಸ ಬೈಪಾಸು ಈ ಕಡೆ ಬಂದಾಗ ಹಿಪ್ಪುನೇರಳೆ ತೋಟ ಪೂರ್ತಿ ಅದರಡಿಗೆ ಸೇರಿತು. ತೋಟದ ಅಂಚಿನಲ್ಲಿದ್ದ ಹುಳುಮನೆಯ ಹಿಂದಿನ ಗೋಡೆಗೆ ಒಂದು ಮಾರು ದೂರದಲ್ಲಿ ರಸ್ತೆಯವರ ಬೇಲಿ ನಿಂತಿತು. ಸೊಪ್ಪಿಲ್ಲದೆ ಹುಳುವಿಲ್ಲ. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಅರವತ್ನಾಲ್ಕರ ಯಲ್ಲಮ್ಮನಿಗೆ ಉಳಿದದ್ದು ಖಾಲಿ ಹುಳುಮನೆ ಒಂದು, ಮಗಳ ಮಗಳು ರಮ್ಯಾ ಒಬ್ಬಳು. ರಮ್ಯಾ ಐಟಿಐಯಲ್ಲಿ ಕರೆಂಟಿನ ಕೆಲಸ ಕಲಿತು, ಹಾರೋಹಳ್ಳಿಯ ಒಂದು ಸಸಿ ತಯಾರಿಸುವ ಕಾರ್ಖಾನೆಯಲ್ಲಿ ರಿಪೇರಿ ವಿಭಾಗದಲ್ಲಿದ್ದಳು. ರಾಮನಗರದಿಂದ ಕಂಪನಿ ಬಸ್ಸು, ಸಂಜೆಗೆ ಮನೆ.

ಹುಳುಮನೆ ಯಲ್ಲಮ್ಮನೊಬ್ಬಳದಲ್ಲ. ಮೈದುನ ಬೈರಪ್ಪನಿಗೂ ಅದರಲ್ಲಿ ಪಾಲಿತ್ತು. ಬೈರಪ್ಪ ಕೆಟ್ಟವನಲ್ಲ, ಆದರೆ ಖಾಲಿ ಜಾಗ ಕಂಡರೆ ಅವನ ಕಾಲು ನಿಲ್ಲುತ್ತಿರಲಿಲ್ಲ. ಶಿವರಾತ್ರಿ ಕಳೆದ ವಾರ ನೀರಿನ ಕ್ಯಾನಿನ ವ್ಯಾಪಾರಿಯೊಬ್ಬನನ್ನು ಕರೆತಂದು ಹುಳುಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದ. ರಸ್ತೆ ಪಕ್ಕದ ಗೋಡೌನು, ಇದಕ್ಕಿಂತ ಒಳ್ಳೆ ಜಾಗ ಸಿಕ್ಕೀತೆ ಎಂದ. ಅತ್ತಿಗೆಯ ಬಾಯಲ್ಲಿ ಬಂದ ಮಾತು ಕೇಳಿ ಇಬ್ಬರೂ ನಿಂತರು. ಯಲ್ಲಮ್ಮ ಆ ಮನೆಯೊಳಗೆ ಕೊತ್ತಂಬರಿ ಬೆಳೆಯುತ್ತಾಳಂತೆ.

ರಮ್ಯಾಳ ಕಾರ್ಖಾನೆಯಲ್ಲಿ ಸಸಿಗಳ ಮೇಲೆ ಉರಿಯುತ್ತಿದ್ದ ಹಳೆಯ ಸೋಡಿಯಂ ದೀಪಗಳನ್ನು ಇಳಿಸಿ ಹೊಸ ಬಗೆಯವನ್ನು ಹಾಕಿದ್ದರು. ಗುಜರಿಗೆ ಹೊರಟಿದ್ದ ಎಂಟು ದೀಪಗಳನ್ನು ರಮ್ಯಾ ಕೇಳಿ ತಂದಿದ್ದಳು. ಬಿಸಿಲನ್ನೇ ಡಬ್ಬಿಯಲ್ಲಿ ತುಂಬಿದಂಥ ದೀಪ ಅವು. ಹೊಲ ಹೋದರೇನು, ಮನೆಯೊಳಗೇ ಬಿಸಿಲು ಹೊತ್ತಿಸಿಕೊಂಡರಾಯಿತು ಎಂದು ಯಲ್ಲಮ್ಮ ಲೆಕ್ಕ ಹಾಕಿದ್ದಳು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಒಳ್ಳೆ ಕೊತ್ತಂಬರಿ ಕಣ್ಣಿಗೆ ಬೀಳುವುದಿಲ್ಲ. ಬಿಸಿಲಿಗೆ ಸೊಪ್ಪಾಗುವ ಮೊದಲೇ ಕಡ್ಡಿಯಾಗಿ ಹೂ ಬಿಡುತ್ತದೆ. ಆ ಎರಡು ತಿಂಗಳು ಹಸಿರು ಸೊಪ್ಪು ಕೊಟ್ಟವಳ ಮನೆ ಬಾಗಿಲಿಗೆ ಊರೇ ಬರುತ್ತದೆ.

ಬೈರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ವ್ಯಾಪಾರಿಯ ಮುಂದೆಯೇ ಪಂದ್ಯ ಕಟ್ಟಿದ. ಅವನ ಮಗಳು ಮಮತಾಳ ಮದುವೆ ಮೇ ತಿಂಗಳಲ್ಲಿತ್ತು.

"ಆಯ್ತು ಅತ್ಗೆ, ಮಮತನ್ ಬೀಗರೂಟಕ್ಕೆ ಐನೂರ್ ಜನ. ಮಸಾಲೆ ಅರೆಯಾಕೆ ನೂರಿಪ್ಪತ್ ಕಟ್ಟು ಕೊತ್ತಂಬ್ರಿ ಬೇಕು. ಈ ಮನೆಯೊಳಗಿಂದ ಕೊಡು, ಈ ಮನೆ ನೀನಿರೋಗಂಟ ನಿಂದೇ. ಕೊಡಾಕಾಗ್ಲಿಲ್ವಾ, ಬೀಗದ ಕೈ ನನ್ ಕೈಗೆ ಬರ್ಬೇಕು."

ಯಲ್ಲಮ್ಮ ಸೊಂಟದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಆಗಲಿ ಎಂದಳು.

ಹುಳು ಮೇಯುತ್ತಿದ್ದ ಎರಡು ಉದ್ದನೆಯ ಅಟ್ಟಣಿಗೆಗಳ ಮೇಲೆ ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಹರಡಿದಳು. ಧನಿಯವನ್ನು ಕಲ್ಲಿನಡಿ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿದಳು. ರಮ್ಯಾ ಒಂದೊಂದು ಅಟ್ಟಣಿಗೆಯ ಮೇಲೆ ನಾಲ್ಕು ನಾಲ್ಕು ದೀಪ ತೂಗುಹಾಕಿದಳು. ಹೊಸ ಬೆಳೆ ಇಡುವ ಮುಂಚೆ ಹುಳುಮನೆಯನ್ನು ಹೇಗೆ ಸಿದ್ಧ ಮಾಡಬೇಕೋ ಯಲ್ಲಮ್ಮ ಹಾಗೇ ಮಾಡಿದಳು. ಗೋಡೆಗೆ ಸುಣ್ಣ ಬಳಿದಳು. ಹೊಸಿಲಲ್ಲಿ ಕಾಲೊರೆಸಲು ಸುಣ್ಣದ ಪುಡಿಯ ಗೋಣಿ ಹಾಸಿದಳು. ಮೇಲಿನ ಕಿಟಕಿ, ಕೆಳಗಿನ ಕಿಂಡಿ, ಬಾಗಿಲು, ಎಲ್ಲಕ್ಕೂ ನೈಲಾನ್ ಬಲೆಯನ್ನು ಬಿಗಿಯಾಗಿ ಕಟ್ಟಿದಳು. ಹೆಂಚಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ತೂತುಗಳನ್ನು ಹೊಲಿದು ಮುಚ್ಚಿದಳು. ಪೌಡರ್ ಹಾಕಿಕೊಂಡ ಹೆಂಗಸರನ್ನು, ಬೀಡಿ ಸೇದಿ ಬಂದ ಗಂಡಸರನ್ನು ಬಾಗಿಲಲ್ಲೇ ತಡೆದಳು. ಹುಳುಮನೆಯ ಮಡಿ ಎಂದರೆ ಅದು. ದೇವರ ಮನೆಯಲ್ಲಾದರೂ ಒಂದು ಹೆಚ್ಚುಕಡಿಮೆ ನಡೆದೀತು.

ಹತ್ತನೆಯ ದಿನ ಮೊಳಕೆ ಕಂಡಿತು. ಹದಿನೈದನೆಯ ದಿನ ಎರಡೂ ಅಟ್ಟಣಿಗೆ ಹಸಿರು ಜಮಖಾನ ಹಾಸಿದಂತಾಯಿತು. ಯುಗಾದಿಯ ಹೊತ್ತಿಗೆ ಹೊರಗಿನ ಬಿಸಿಲು ಏರಿತು, ಒಳಗಿನ ಬಿಸಿಲು ಮೊದಲೇ ಏರಿ ಕೂತಿತ್ತು. ಎಲೆಯ ಅಂಚು ಸುಟ್ಟು ಕಂದಾಯಿತು. ನಡುವಿನಿಂದ ಕಡ್ಡಿ ಎದ್ದಿತು. ಯಲ್ಲಮ್ಮನಿಗೆ ಬಿಸಿ ಎಂದರೆ ಗೊತ್ತಿದ್ದ ಮದ್ದು ಒಂದೇ, ಗೋಣಿಚೀಲ ನೆನೆಸಿ ಒಳಗೆಲ್ಲ ಇಳಿಬಿಟ್ಟು ನೆಲಕ್ಕೆ ನೀರು ಚಿಮುಕಿಸುವುದು. ಹಾಗೇ ಮಾಡಿದಳು. ಎರಡೇ ದಿನಕ್ಕೆ ಒಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಮುಖಕ್ಕೆ ಹಬೆ ರಾಚಿತು. ಸುಡದೆ ಉಳಿದ ಸಸಿಯ ಬುಡ ಕೊಳೆಯಿತು. ಮೊಳೆಯಲ್ಲಿದ್ದ ಥರ್ಮಾಮೀಟರ್ ನಲವತ್ತೊಂದು ತೋರಿಸಿತು. ಅಂಗೈ ಮಗುಚಿ ಹಿಡಿದರೆ ಹತ್ತು ಎಣಿಸುವುದರೊಳಗೆ ಎಳೆದುಕೊಳ್ಳಬೇಕಾಯಿತು.

ಬೈರಪ್ಪ ಇಣುಕಿ ನೋಡಿ ಹೋದ. ಸಂಜೆಗೆ ಅರಳಿಕಟ್ಟೆಯಲ್ಲಿ ಅವನ ಮಾತು ಹರಡಿತು. ಅತ್ತಿಗೆ ಕೊತ್ತಂಬರಿ ಬೆಳೆಯುತ್ತಿಲ್ಲ, ನೇರವಾಗಿ ಸಾರಿನಪುಡಿಗೆ ಹುರಿಯುತ್ತಿದ್ದಾಳೆ ಎಂದನಂತೆ. ಊರವರು ಎರಡು ದಿನ ಅದನ್ನೇ ಮೆದ್ದರು. ಅಂಗಡಿಗೆ ಹೋದರೆ ಯಲ್ಲಮ್ಮನನ್ನು ಕೇಳಿದರು, ಒಣಮೆಣಸಿನಕಾಯನ್ನೂ ಅಲ್ಲೇ ಹುರಿದುಕೊಡ್ತೀರಾ ಎಂದು. ಅವಳು ಮನೆಗೆ ಬಂದು ಸತ್ತ ಸಸಿಯನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದಳು. ಲೆಕ್ಕ ಹಾಕಿದರೆ ಬೀಗರೂಟಕ್ಕೆ ಐವತ್ತೈದು ದಿನ ಉಳಿದಿತ್ತು. ಕೊತ್ತಂಬರಿಗೆ ನಲವತ್ತೈದು ಬೇಕು. ಇನ್ನು ಒಂದೇ ಒಂದು ಸಲ ಬಿತ್ತಬಹುದು.

ರಮ್ಯಾ ಕಾರ್ಖಾನೆಯ ಎಂಜಿನಿಯರನ್ನು ಕೇಳಿ ಬಂದಿದ್ದಳು. ಆ ದೀಪಗಳ ಕಾವಿಗೆ ಎರಡು ದೊಡ್ಡ ಏಸಿ ಬೇಕಂತೆ. ಯಲ್ಲಮ್ಮ ಮಾರನೆಯ ದಿನ ಮೊಮ್ಮಗಳ ಜೊತೆ ರಾಮನಗರದ ಬಸ್ಸು ಹತ್ತಿದಳು. ರಮ್ಯಾಳನ್ನು ಕಂಪನಿ ಬಸ್ಸಿಗೆ ಬಿಟ್ಟು ಏಸಿ ಅಂಗಡಿಯ ಕಡೆ ಹೊರಟವಳು ದಾರಿಯಲ್ಲೇ ತಾಜ್ ಪಾಷಾನ ನೂಲು ತೆಗೆಯುವ ಶೆಡ್ಡಿಗೆ ನುಗ್ಗಿದಳು. ಮೂವತ್ತು ವರ್ಷ ಗೂಡಿನ ಮಾರುಕಟ್ಟೆಯಲ್ಲಿ ಅವಳ ಗೂಡು ಹರಾಜು ಕೂಗಿ ಕೊಂಡವನು ಅವನು. ಹರಾಜಿನ ಜಗಲಿಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡಷ್ಟು ಗಂಡ ಹೆಂಡತಿಯೂ ಬೈದುಕೊಂಡಿರಲಾರರು.

ಶೆಡ್ಡಿನೊಳಗೆ ಎಂಟು ಬೋಗುಣಿಯಲ್ಲಿ ಗೂಡು ಕೊತಕೊತ ಬೇಯುತ್ತಿತ್ತು. ಎಂಟು ಹೆಂಗಸರು ಅದರ ಮುಂದೆ ನಿಂತು ಎಳೆ ಹಿಡಿಯುತ್ತಿದ್ದರು. ಬೆವರಿದ್ದರು, ಆದರೆ ಬೆಂದಿರಲಿಲ್ಲ. ಎಂಟು ಒಲೆಯ ಕಾವಿರುವಲ್ಲಿ ಜನ ನಿಲ್ಲುತ್ತಾರೆ, ಎಂಟು ದೀಪದ ಕಾವಿರುವಲ್ಲಿ ಸೊಪ್ಪು ನಿಲ್ಲುವುದಿಲ್ಲವಲ್ಲ ಎಂದು ಯಲ್ಲಮ್ಮ ಕತ್ತೆತ್ತಿ ನೋಡಿದಳು. ಒಂದೊಂದು ಬೋಗುಣಿಯ ಮೇಲೂ ಕೊಡೆ ಹಿಡಿದಂತೆ ತಗಡಿನ ಗೊರಬು ಕವುಚಿತ್ತು. ಗೊರಬಿನ ನೆತ್ತಿಯಿಂದ ಕೊಳವೆ ಹೊರಟು, ಎಲ್ಲ ಕೊಳವೆಯೂ ಒಂದು ದಪ್ಪ ಕೊಳವೆಗೆ ಕೂಡಿ, ಅದು ಸೂರನ್ನು ತೂರಿಕೊಂಡು ಮೇಲೆ ಹೋಗಿತ್ತು. ಅವಳು ನೋಡುವುದನ್ನು ತಾಜ್ ಪಾಷಾ ನೋಡಿದ.

"ಆವಿ ಮನೆಗೆಲ್ಲ ಹರಡ್ಕಂಡ್ ಮೇಲೆ ಹಿಡಿಯಾಕಾಗಲ್ಲ ಅಕ್ಕ. ಹುಟ್ಟಿದ್ ಜಾಗದಲ್ಲೇ ಹಿಡ್ಕಂಡು ಆಚಿಕ್ ಕಳಿಸ್ಬುಡ್ಬೇಕು."

ಯಲ್ಲಮ್ಮ ಏಸಿ ಅಂಗಡಿಗೆ ಹೋಗಲಿಲ್ಲ. ಹಳೆಯ ಯಂತ್ರ ಬದಲಿಸಿದಾಗ ಇಳಿಸಿದ್ದ ಗೊರಬುಗಳು, ಕೊಳವೆಗಳು ಶೆಡ್ಡಿನ ಹಿತ್ತಲಲ್ಲಿ ಬಿದ್ದಿದ್ದವು. ಅವನ್ನು ಕೇಳಿದಳು. ತಾಜ್ ಪಾಷಾ, ತಗಡಿನ ಜೊತೆ ನನ್ನ ಫಿಟ್ಟರನ್ನೂ ಕಳಿಸುತ್ತೇನೆ, ಎರಡು ದಿನದ ಕೆಲಸ ಎಂದ. ಫಿಟ್ಟರು ಬೇಡ, ತಗಡು ಕತ್ತರಿಸುವ ಕತ್ತರಿ ಕೊಡು ಸಾಕು ಎಂದಳು. ಕತ್ತರಿಯ ಬದಲಿಗೆ ಮೊದಲ ಕೊಯ್ಲಿನ ಮೊದಲ ಕಟ್ಟು ಅವನ ಹೆಂಡತಿ ಮುನವ್ವರಾಳ ಕೈಗೆ ಎಂದು ಮಾತು ಕೊಟ್ಟಳು. ಗೂಡಿನ ಹರಾಜಿನ ಹಾಗೆ ಇಲ್ಲೂ ಅವನು ಎರಡು ಕಟ್ಟು ಎಂದ, ಅವಳು ಒಂದೇ ಎಂದಳು. ಒಂದಕ್ಕೇ ಮುಗಿಯಿತು.

ತಗಡು ಬಂತು. ಆದರೆ ಕೊಳವೆಯನ್ನು ಎಲ್ಲಿ ತೂರಿಸಬೇಕು, ಹೊಸ ಗಾಳಿ ಎಲ್ಲಿಂದ ಬರಬೇಕು? ಗಾಳಿ ಕಣ್ಣಿಗೆ ಕಾಣುವುದಿಲ್ಲ. ಕಾಣುವಂತೆ ಮಾಡುವ ದಾರಿ ಒಂದಿತ್ತು, ಅದನ್ನು ನೆನೆದೇ ಯಲ್ಲಮ್ಮ ಹಿಂಜರಿದಳು. ಹುಳುಮನೆಯಲ್ಲಿ ಊದುಕಡ್ಡಿ ಹಚ್ಚಬಾರದು. ಹೊಗೆಯ ವಾಸನೆಗೆ ಹುಳು ತಲೆಯೆತ್ತಿ ವಾಂತಿ ಮಾಡಿಕೊಂಡು ಸಾಯುತ್ತದೆ. ಪುಟ್ಟಹೊನ್ನಮ್ಮ ಆ ಮನೆ ಕಟ್ಟಿದ ದಿನದಿಂದ ಅಲ್ಲಿ ಆಯುಧಪೂಜೆಗೂ ಕಡ್ಡಿ ಹಚ್ಚಿದವರಿಲ್ಲ. ಯಲ್ಲಮ್ಮ ಹೊಸಿಲಲ್ಲಿ ನಿಂತು ಅತ್ತೆಯನ್ನು ನೆನೆದು, ತಪ್ಪಾಯಿತು ಎಂದು ಒಂದು ಮಾತು ಹೇಳಿ, ಎಂಟೂ ದೀಪ ಉರಿಸಿ, ಹುಳುಮನೆಯ ನಡುವೆ ಊದುಕಡ್ಡಿ ಹಚ್ಚಿ ಹಿಡಿದಳು.

ಹೊಗೆ ದಾರದಂತೆ ನೆಟ್ಟಗೆ ಎದ್ದಿತು. ಪ್ಲಾಸ್ಟಿಕ್ ಹೊದಿಕೆಗೆ ತಲೆ ತಾಕಿಸಿ ಅಡ್ಡ ಹರಿಯಿತು. ಮೇಲಿನ ಕಿಟಕಿಯ ಕಡೆ ಹೋಯಿತು. ಇನ್ನೇನು ಆಚೆ ಹೋಗಬೇಕು, ಅಲ್ಲೇ ಸುಳಿದು, ತಡವರಿಸಿ, ಗೋಡೆ ಹಿಡಿದುಕೊಂಡು ಕೆಳಗಿಳಿದು ಮತ್ತೆ ಅವಳ ಕಾಲ ಬಳಿಗೇ ಬಂತು. ಯಲ್ಲಮ್ಮ ಸ್ಟೂಲು ಹತ್ತಿ ಕಿಟಕಿಯ ಬಲೆಯನ್ನು ಬೆರಳಲ್ಲಿ ಒರೆಸಿದಳು. ರಸ್ತೆಯ ಕೆಂಧೂಳು, ಸುಣ್ಣದ ಪುಡಿ ಸೇರಿ ಬಲೆಯ ಕಣ್ಣೆಲ್ಲ ರೊಟ್ಟಿ ತಟ್ಟಿದಂತೆ ಕಟ್ಟಿಹೋಗಿದ್ದವು.

ಆ ಬಲೆ ಊಜಿ ನೊಣಕ್ಕೆ ಕಟ್ಟಿದ್ದು. ಊಜಿ ಒಂದು ಒಳಗೆ ಬಂದು ಹುಳುವಿನ ಬೆನ್ನ ಮೇಲೆ ಮೊಟ್ಟೆಯಿಟ್ಟರೆ ಹುಳು ಗೂಡು ಕಟ್ಟದೆ ಸಾಯುತ್ತದೆ. ಅದಕ್ಕೇ ರೇಷ್ಮೆಯವರು ಮಗುವಿನ ತೊಟ್ಟಿಲಿಗಾದರೂ ಬಲೆ ಕಟ್ಟುವುದನ್ನು ಮರೆತಾರು, ಹುಳುಮನೆಯ ಕಿಟಕಿಗೆ ಮರೆಯುವುದಿಲ್ಲ. ಯಲ್ಲಮ್ಮನ ಕೈ ನಲವತ್ತು ವರ್ಷದ ಅಭ್ಯಾಸದಲ್ಲಿ ಕಟ್ಟಿತ್ತು. ಹುಳುವೇ ಇಲ್ಲದ ಮನೆಯಲ್ಲಿ ಊಜಿಗೆ ಏನು ಕೆಲಸ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಹೊಲಿದು ಮುಚ್ಚಿದ ಹೊದಿಕೆಯೂ ಅದೇ ಕಥೆ. ಕಾವಿಗೆ ಹೊರಹೋಗುವ ದಾರಿಯನ್ನೆಲ್ಲ ಮುಚ್ಚಿ, ಮೇಲೆ ಗೋಣಿಯ ನೀರನ್ನೂ ಕೊಟ್ಟು, ತಾನೇ ಕೈಯಾರೆ ಸೊಪ್ಪು ಬೇಯಿಸಿದ್ದಳು.

ಸ್ಟೂಲಿನ ಮೇಲೆ ನಿಂತೇ ಯಲ್ಲಮ್ಮ ನಗತೊಡಗಿದಳು. ಸಂಜೆ ರಮ್ಯಾ ಬಂದಾಗಲೂ ಆ ನಗು ಪೂರ್ತಿ ಇಳಿದಿರಲಿಲ್ಲ. ಊದುಕಡ್ಡಿಯ ವಾಸನೆ ಕೇಳಿ ರಮ್ಯಾ ಬಾಗಿಲಲ್ಲೇ ನಿಂತುಬಿಟ್ಟಳು. ಅಜ್ಜಿಗೆ ತಲೆ ಕೆಟ್ಟಿತೇನೋ ಎಂದುಕೊಂಡಳಂತೆ.

"ತಲೆ ಈಗ್ ನೆಟ್ಟಗಾಯ್ತು ಕಣವ್ವ," ಎಂದಳು ಯಲ್ಲಮ್ಮ. "ಬಾ, ಆ ಬಲೆಯೆಲ್ಲ ಕಿತ್ತಾಕಾನ."

ಮುಂದಿನ ಐದು ದಿನ ಅಜ್ಜಿ, ಮೊಮ್ಮಗಳು ಅನ್ನ ನೀರಿನ ಹೊತ್ತು ಬಿಟ್ಟರೆ ಹುಳುಮನೆಯಲ್ಲೇ ಇದ್ದರು. ರಮ್ಯಾ ರಜೆ ಹಾಕಿದಳು. ಮೇಲಿನ ಕಿಟಕಿಗಳ, ಕೆಳಗಿನ ಕಿಂಡಿಗಳ ಬಲೆ ಹೋಯಿತು, ಪ್ಲಾಸ್ಟಿಕ್ ಹೊದಿಕೆ ಹರಿದು ಹೋಯಿತು. ಯಲ್ಲಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ತಗಡು ಕತ್ತರಿಸಿ ಎಂಟು ಗೊರಬು ಮಾಡಿದಳು. ಒಂದೊಂದು ದೀಪದ ಮೇಲೂ ಒಂದು ಗೊರಬು, ಅದರಿಂದ ಕೊಳವೆ, ಒಂದೊಂದು ಸಾಲಿನ ನಾಲ್ಕು ಕೊಳವೆ ಸೇರಿ ಒಂದು ದಪ್ಪ ಕೊಳವೆ. ಎರಡು ದಪ್ಪ ಕೊಳವೆಗಳೂ ಹೆಂಚು ಸರಿಸಿದ ಜಾಗದಲ್ಲಿ ಮೇಲೆದ್ದವು. ಕೊಳವೆಯ ಬುಡದಲ್ಲಿ ರಮ್ಯಾ ಕಾವು ಎಳೆಯುವ ಒಂದೊಂದು ಫ್ಯಾನು ಕೂರಿಸಿದಳು. ಫ್ಯಾನು ಇದ್ದ ಮೇಲೆ ಸೂರಿನಿಂದ ಎರಡಡಿ ಎದ್ದರೆ ಸಾಕು ಎಂದು ವಾದಿಸಿದಳು. ತಾಜ್ ಪಾಷಾನ ಹೊಗೆಗೂಡು ಎಷ್ಟೆತ್ತರ ಇತ್ತೋ ಅಷ್ಟು ಬೇಕು ಎಂದು ಯಲ್ಲಮ್ಮ ಹಟ ಹಿಡಿದಳು. ಎಂಟಡಿ ಎತ್ತರಿಸಿಯೇ ಬಿಟ್ಟಳು. ಊರಿಗೆ ಅದೂ ತಮಾಷೆಯಾಯಿತು. ಹುಳುಮನೆಗೆ ಎರಡು ಕೊಂಬು ಬಂದಿವೆ ಎಂದರು.

ದೀಪ ಹೊತ್ತಿಸುವ ಚೋಕಿನ ಪೆಟ್ಟಿಗೆಗಳು ಇಟ್ಟಿಗೆಯಷ್ಟು ಭಾರ, ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ. ಎಂಟನ್ನೂ ರಮ್ಯಾ ಒಳಗಿನಿಂದ ಕಿತ್ತು, ತಂತಿ ಉದ್ದ ಮಾಡಿ, ಹೊರಗಿನ ಜಗಲಿಯ ಗೋಡೆಗೆ ಮಳೆ ಬೀಳದ ಕಡೆ ಕೂರಿಸಿದಳು. ಅದೊಂದಕ್ಕೇ ಒಳಗೆ ಒಂದು ಒಲೆ ಆರಿದಂತಾಯಿತು. ದೀಪಗಳನ್ನು ಬಾವಿಯ ರಾಟೆಯಂಥ ಸಣ್ಣ ಗಾಲಿಗೆ ಹಗ್ಗ ಕಟ್ಟಿ ಏರಿಸುವಂತೆ, ಇಳಿಸುವಂತೆ ಮಾಡಿದರು. ಗೋಣಿಚೀಲಕ್ಕೂ ಕೆಲಸ ಸಿಕ್ಕಿತು, ಆದರೆ ಜಾಗ ಬದಲಾಯಿತು. ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳು ಮೂಲೆಯಲ್ಲಿ ಒರಗಿದ್ದವು. ಯಲ್ಲಮ್ಮ ಅವಕ್ಕೆ ತೆಳ್ಳನೆಯ ಗೋಣಿ ಹೊಲಿದು, ನೆರಳಿರುವ ಬಡಗಣ ಗೋಡೆಯ ಕಿಂಡಿಗಳಿಗೆ ಹೊರಗಿನಿಂದ ಒರಗಿಸಿ, ಮೇಲೆ ತೂತು ಕೊರೆದ ಕೊಡದಿಂದ ನೀರು ತೊಟ್ಟಿಕ್ಕಲು ಬಿಟ್ಟಳು. ಗಾಳಿ ಒದ್ದೆ ಗೋಣಿಯನ್ನು ಹಾದು ತಣ್ಣಗಾಗಿ ಬುಡದಿಂದ ಒಳಗೆ ಬಂತು. ಕಾವು ಗೊರಬು ಹಿಡಿದು ಮೇಲೆ ಹೋಯಿತು. ಉಳಿದದ್ದೊಂದು ಹೊತ್ತಿನ ಲೆಕ್ಕ. ಹಗಲಿನ ಸೂರ್ಯ ಹೆಂಚು ಕಾಯಿಸುವಾಗ ದೀಪ ಏಕೆ ಉರಿಯಬೇಕು? ಕೊತ್ತಂಬರಿಗೆ ಯಾವುದು ಹಗಲು, ಯಾವುದು ಇರುಳು ಎಂದು ಯಾರು ಹೇಳಿಕೊಟ್ಟಿದ್ದಾರೆ? ಸಂಜೆ ಎಂಟಕ್ಕೆ ಹೊತ್ತಿ ಬೆಳಿಗ್ಗೆ ಎಂಟಕ್ಕೆ ಆರುವಂತೆ ರಮ್ಯಾ ಟೈಮರ್ ಕೂರಿಸಿದಳು.

ಮತ್ತೆ ಊದುಕಡ್ಡಿ ಹಚ್ಚಿದರು. ಹೊಗೆ ಕಿಂಡಿಯಿಂದ ನೆಲದ ಮೇಲೆ ಹರಿದು, ಅಟ್ಟಣಿಗೆ ಏರಿ, ಗೊರಬಿನ ಬಾಯಿಗೆ ಬಂದೊಡನೆ ಯಾರೋ ಒಳಗಿನಿಂದ ಎಳೆದುಕೊಂಡಂತೆ ಮಾಯವಾಯಿತು.

ಆ ರಾತ್ರಿಗೇ ಧನಿಯ ನೆನೆಯಿತು. ಬಿತ್ತನೆಯಾದ ಮೇಲೆ ದಿನವೂ ದೀಪ ಹೊತ್ತಿದ ಒಂದು ಗಳಿಗೆಗೆ ಯಲ್ಲಮ್ಮ ಎಲೆಯ ಎತ್ತರದಲ್ಲಿ ಅಂಗೈ ಮಗುಚಿ ಹಿಡಿದು ನೂರು ಎಣಿಸುತ್ತಿದ್ದಳು. ನೂರು ಮುಟ್ಟುವ ಮೊದಲು ಚರ್ಮ ಚುರುಗುಟ್ಟಿದರೆ ದೀಪ ಒಂದು ಗೇಣು ಮೇಲೆ. ಸಸಿ ಬೆಳಕು ಸಾಲದೆ ಕತ್ತು ಉದ್ದ ಮಾಡಿದರೆ ನಾಲ್ಕು ಬೆರಳು ಕೆಳಗೆ. ಥರ್ಮಾಮೀಟರ್ ಇಪ್ಪತ್ತಾರು, ಇಪ್ಪತ್ತೇಳರಲ್ಲಿ ನಿಂತಿತು. ಹೊರಗೆ ಹಲಸಿನಕಟ್ಟೆಯ ನಾಯಿಗಳು ಚರಂಡಿಯಲ್ಲಿ ಮಲಗುವಂಥ ಬೇಸಿಗೆ, ಒಳಗೆ ಕೊತ್ತಂಬರಿ ಕಾರ್ತೀಕ ಮಾಸದ ಹಾಗೆ ಕೂತಿತ್ತು. ಮೂವತ್ತು ದಿನಕ್ಕೆ ಅಗಲ ಎಲೆ, ಎಳೆ ಕಾಂಡ, ಒಂದು ಕಡ್ಡಿಯೂ ಏಳಲಿಲ್ಲ.

ಬೀಗರೂಟಕ್ಕೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಯಲ್ಲಮ್ಮ ಬಾಗಿಲು ತೆರೆದರೆ ಫ್ಯಾನಿನ ಸದ್ದಿಲ್ಲ. ಎರಡು ಫ್ಯಾನಿಗೂ ಒಂದೇ ತಂತಿ ಕೊಟ್ಟಿದ್ದರು. ರಾತ್ರಿಯ ವೋಲ್ಟೇಜಿನ ಏರಿಳಿತಕ್ಕೆ ಎರಡರ ಮೋಟಾರೂ ಸುಟ್ಟು ಕರಕಲಾಗಿದ್ದವು. ರಮ್ಯಾ ಬಿಚ್ಚಿ ಚನ್ನಪಟ್ಟಣಕ್ಕೆ ಒಯ್ದಳು. ಮೋಟಾರ್ ಸುತ್ತುವವನು ವಾರ ಬೇಕು ಎಂದ. ಬೇರೆ ಫ್ಯಾನು ಆ ಅಳತೆಯದು ಸಿಗಲಿಲ್ಲ. ಅವಳು ಬರಿಗೈಲಿ ವಾಪಸು ಬಂದು ಅಳುವ ಮುಖ ಮಾಡಿಕೊಂಡು ನಿಂತಾಗ ಬೈರಪ್ಪನೂ ಅಲ್ಲಿದ್ದ. ಸುದ್ದಿ ಕೇಳಿ ಬಂದಿದ್ದ. ಈ ಸಲ ಅವನು ನಗಲಿಲ್ಲ. ಮದುವೆ ಮನೆಯಲ್ಲಿ ಅತ್ತಿಗೆಯ ಮುಖ ಬಾಡುವುದು ತನಗೂ ಬೇಡ, ರಾಮನಗರದ ಮಂಡಿಗೆ ಕೊತ್ತಂಬರಿ ಹೇಳಿಟ್ಟಿದ್ದೇನೆ, ಯಾರಿಗೂ ಹೇಳದೆ ಬೀಗದ ಕೈ ಕೊಟ್ಟರೆ ಆಯಿತು ಎಂದ.

ಯಲ್ಲಮ್ಮ ಅವನ ಮಾತಿಗೆ ಕಿವಿಗೊಡದೆ ಒಳಗೆ ಹೋಗಿ ಥರ್ಮಾಮೀಟರ್ ನೋಡಿದಳು. ಫ್ಯಾನು ಯಾವ ಹೊತ್ತಿಗೆ ನಿಂತಿತ್ತೋ, ದೀಪವಂತೂ ಬೆಳಗಿನವರೆಗೂ ಉರಿದಿತ್ತು. ಆದರೂ ಬೆಳಿಗ್ಗೆ ಇದ್ದಂತೆ ಈಗಲೂ ಮೂವತ್ತೊಂದೇ. ಸೊಪ್ಪು ಒಸಿ ಸೊರಗಿತ್ತು, ಸುಟ್ಟಿರಲಿಲ್ಲ. ದೀಪ ಹೊತ್ತಿಸಿ ಊದುಕಡ್ಡಿ ಹಿಡಿದಳು. ಹೊಗೆ ಮೊದಲಿನಷ್ಟು ಬಿರುಸಾಗಿ ಹೋಗಲಿಲ್ಲ. ಗರ್ಭಿಣಿ ಹೆಂಗಸು ಮೆಟ್ಟಿಲು ಹತ್ತುವಂತೆ ನಿಧಾನವಾಗಿ ಗೊರಬು ಸೇರಿ ಕೊಳವೆ ಹತ್ತಿತು. ಎಂಟಡಿಯ ಕೊಂಬು ಫ್ಯಾನಿಲ್ಲದೆಯೂ ಕಾವನ್ನು ಎಳೆಯುತ್ತಿತ್ತು.

"ನೋಡ್ದಾ," ಎಂದಳು ರಮ್ಯಾಳ ಕಡೆ ತಿರುಗಿ. "ಊರೆಲ್ಲ ನಕ್ಕಿದ್ ಕೊಂಬು."

ಆ ನಾಲ್ಕು ರಾತ್ರಿ ಸಾಲಿಗೆ ಎರಡೇ ದೀಪ ಹೊತ್ತಿದವು, ಸರದಿಯ ಮೇಲೆ. ಬಡಗಣ ಕಿಂಡಿಯ ಗೋಣಿ ಒಣಗಲು ಬಿಡಲಿಲ್ಲ. ಬಲಿತ ಸೊಪ್ಪಿಗೆ ಅಷ್ಟು ಬೆಳಕು ಸಾಕಾಯಿತು. ಮೂರನೆಯ ಬೆಳಿಗ್ಗೆ ಎಲೆ ಮತ್ತೆ ನೆಟ್ಟಗಾಯಿತು.

ಬೀಗರೂಟದ ದಿನ ಬೆಳಕು ಹರಿಯುವ ಮುಂಚೆ ಬೈರಪ್ಪನ ಹಿತ್ತಲಲ್ಲಿ ಒಲೆ ಹೊತ್ತಿತು. ಅಡುಗೆಗೆ ಬಂದವನು ಚನ್ನಪಟ್ಟಣದ ಸಮದ್. ಅವನ ಬಿರಿಯಾನಿಗೆ ಕನಕಪುರದ ಕಡೆಯಿಂದಲೂ ಕರೆ ಬರುತ್ತದೆ. ಮಾತು ಕಡಿಮೆ, ಮೂಗು ಚುರುಕು. ರಾಮನಗರದ ಮಂಡಿಯಿಂದ ಬಂದ ಕೊತ್ತಂಬರಿಯ ಗೋಣಿ ಬಿಚ್ಚಿದ. ಅರ್ಧ ಕೊಳೆತು ಅಂಟಾಗಿತ್ತು. ಉಳಿದರ್ಧದಲ್ಲಿ ಬಿಳಿ ಹೂವು, ಹಗ್ಗದಂಥ ಕಡ್ಡಿ. ಸಮದ್ ಅದನ್ನು ಎಮ್ಮೆಯ ಕಡೆ ತಳ್ಳಿ, ಸೊಪ್ಪಿಲ್ಲದೆ ಮಸಾಲೆ ಅರೆಯುವುದಿಲ್ಲ ಎಂದು ಸೌಟು ಕೆಳಗಿಟ್ಟು ಕೂತ. ಬೈರಪ್ಪ ಬೆವರಿದ. ಐನೂರು ಜನ, ಬೀಗರು ಬರುವುದು ಹನ್ನೆರಡಕ್ಕೆ.

ಆ ಹೊತ್ತಿಗೆ ಯಲ್ಲಮ್ಮ ಮೊದಲ ಮಂಕರಿ ಹೊತ್ತು ಬಂದಳು. ಹಿಂದೆ ರಮ್ಯಾ ಎರಡನೆಯದು. ಬಾಳೆನಾರಿನಲ್ಲಿ ಕಟ್ಟಿದ ಕಟ್ಟುಗಳನ್ನು ಸಮದ್‌ನ ಮುಂದೆ ಸುರಿದಳು. ಅವರು ಮತ್ತೆ ಹೋದರು, ಮತ್ತೆ ಬಂದರು. ನೆರೆಹೊರೆಯ ಹೆಂಗಸರು ತರಕಾರಿ ಹೆಚ್ಚುವುದನ್ನು ಬಿಟ್ಟು ಗಟ್ಟಿಯಾಗಿ ಎಣಿಸತೊಡಗಿದರು. ನೂರಿಪ್ಪತ್ತು ಆಯಿತು. ಎಣಿಕೆ ನಿಲ್ಲಲಿಲ್ಲ. ನೂರಮೂವತ್ತೆರಡಕ್ಕೆ ಮಂಕರಿ ಬರಿದಾಯಿತು. ಅದಕ್ಕೂ ಮೊದಲು ಕೊಯ್ದ ಒಂದು ಕಟ್ಟು ಆಗಲೇ ರಾಮನಗರದ ಮೊದಲ ಬಸ್ಸಿನಲ್ಲಿ ಮುನವ್ವರಾಳ ಮನೆಗೆ ಹೊರಟಿತ್ತು.

ಸಮದ್ ಒಂದು ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದ. ಕಣ್ಣು ಮುಚ್ಚಿದ. ಮೇ ತಿಂಗಳಲ್ಲಿ ಇಂಥ ಸೊಪ್ಪು ಯಾವ ಬೆಟ್ಟದಿಂದ ತರಿಸಿದಿರಿ ಎಂದು ಬೈರಪ್ಪನನ್ನು ಕೇಳಿದ. ಬೈರಪ್ಪ ಅತ್ತಿಗೆಯ ಕಡೆ ನೋಡಿದ. ಹೆಂಗಸರೂ ಅವನ ಬಾಯನ್ನೇ ನೋಡುತ್ತಿದ್ದರು.

"ಬೆಟ್ಟದ್ದಲ್ಲ ಸಮದಣ್ಣ," ಎಂದ ಬೈರಪ್ಪ. "ನಮ್ಮ ಹುಳುಮನೇದು. ನಮ್ಮತ್ಗೆ ಬೆಳ್ದಿದ್ದು."

ಸಮದ್ ಎದ್ದು ಸೌಟು ಎತ್ತಿಕೊಂಡ.

ಅವತ್ತಿನ ಊಟದ ಮಾತು ಬೀಗರ ಊರಿನಲ್ಲೂ ಬಹಳ ದಿನ ನಡೆಯಿತು. ಮುದ್ದೆಯ ಜೊತೆ ಬಡಿಸಿದ ಸಾರಿನ ಹಸಿರು ಘಮ ಚಪ್ಪರ ದಾಟಿ ರಸ್ತೆಯ ಬೇಲಿಯವರೆಗೂ ಹೋಗಿತ್ತು. ಎರಡನೆಯ ಪಂಕ್ತಿ ಎದ್ದ ಮೇಲೆ ಬೀಗರ ಕಡೆಯ ನಾಲ್ಕೈದು ಹಿರಿಯರು ಹುಳುಮನೆ ನೋಡಬೇಕೆಂದು ಹೊರಟರು. ಬೈರಪ್ಪನೇ ಮುಂದೆ ನಿಂತು, ಗೊರಬು ಇದು, ಕೊಂಬು ಇದು, ಗಾಳಿ ಹಿಂಗೆ ಬರುತ್ತೆ, ಕಾವು ಹಂಗೆ ಹೋಗುತ್ತೆ ಎಂದು ತಾನೇ ಕಟ್ಟಿದವನ ಹಾಗೆ ವಿವರಿಸಿದ. ಯಲ್ಲಮ್ಮ ಬಾಗಿಲ ಬಳಿ ನಿಂತು, ಸುಣ್ಣದ ಗೋಣಿಯ ಮೇಲೆ ಕಾಲೊರೆಸದೆ ಯಾರನ್ನೂ ಒಳಗೆ ಬಿಡಲಿಲ್ಲ. ಆ ಅಭ್ಯಾಸ ಮಾತ್ರ ಅವಳು ಬಿಟ್ಟಿರಲಿಲ್ಲ.

ಬೀಗರು ಎಲೆ ಅಡಿಕೆಗೆ ಚಪ್ಪರದ ಕಡೆ ಹೋದ ಮೇಲೆ ಬೈರಪ್ಪ ಹಿಂದೆ ಉಳಿದ. ಸೋತದ್ದನ್ನು ಬಾಯಿಬಿಟ್ಟು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಅದರ ಬದಲು ಕೊಡುಗೈಯಾದ. ಎರಡು ಫ್ಯಾನೂ ಹೊಸದು ತಂದುಕೊಡುತ್ತೇನೆ ಎಂದ. ಬೇಕಾದರೆ ಏಸಿಯೇ ಹಾಕಿಸೋಣ, ಮಗ ಶಿವಕುಮಾರನನ್ನು ದಿನಾ ಕಳಿಸುತ್ತೇನೆ, ದೀಪ ಏರಿಸಿ ಇಳಿಸುವುದು ಅವನು ನೋಡಿಕೊಳ್ಳಲಿ, ಈ ವಯಸ್ಸಿನಲ್ಲಿ ಹಗ್ಗ ಜಗ್ಗುವುದು ನಿನಗೇಕೆ ಎಂದ. ಮಾತು ನಿಜವಾದ ಮನಸ್ಸಿನಿಂದ ಬಂದದ್ದು ಯಲ್ಲಮ್ಮನಿಗೂ ಗೊತ್ತಾಯಿತು. ಅವಳು ಬರಿದಾದ ಅಟ್ಟಣಿಗೆಯ ಮಣ್ಣನ್ನು ಬೆರಳಲ್ಲಿ ಕೆದಕಿ ತೇವ ನೋಡಿದಳು. ಒಂದು ದೀಪದ ಹಗ್ಗ ಸರಿಪಡಿಸಿದಳು. ಸೊಂಟದ ಬೀಗದ ಕೈಯನ್ನು ತೆಗೆದು ಬೈರಪ್ಪನಿಗೆ ಕಾಣುವಂತೆ ಒಮ್ಮೆ ಹಿಡಿದು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು.

"ಬ್ಯಾಡ ಕಣಪ್ಪ ಬೈರ. ಫ್ಯಾನು ರಮ್ಯಾ ತತ್ತಾಳೆ, ಹಗ್ಗ ನಾನು ಜಗ್ತೀನಿ. ನಿಮ್ ಶಿವಕುಮಾರ ಬಂದ್ರೆ ಅವ್ನು ಥರ್ಮಾಮೀಟ್ರು ನೋಡ್ತಾನೆ, ನಾನು ಅವನ್ ಮಕ ನೋಡ್ಕಂಡ್ ಕೂರ್ಬೇಕು. ನನ್ ಕೈಗೆ ಇನ್ನೂ ಕಾವು ತಿಳೀತದೆ. ತಿಳಿಯಾದ್ ನಿಂತ್ ದಿನ ನಾನೇ ಬಂದು ಬೀಗದ ಕೈ ನಿನ್ ಮಡ್ಲಿಗ್ ಹಾಕ್ತೀನಿ. ಈಗ ಹೋಗು, ನಿನ್ ಬೀಗ್ರು ಕಾಯ್ತಾವ್ರೆ. ನಾನ್ ನಾಳಿಕ್ ಬಿತ್ತೋಕೆ ಧನಿಯ ನೆನೆಹಾಕ್ಬೇಕು."